ದಡ ಕಾಣದಷ್ಟು ದೂರ

ಪ್ರೀತಿಯ ಅಣ್ಣ,

ಕೋಲು ಹಿಡಿದು ಆಸ್ಪತ್ರೆಯ ವರಾಂಡದ ತುದಿಯವರೆಗೂ ನಡೆದೆಯಂತೆ, ಅತ್ತಿಗೆ ಹೇಳಿದರು. ಈ ಕಾಗದವನ್ನು ಮಾತ್ರ ಕೂತುಕೊಂಡೇ ಓದು. ಕೋಪ ಬಂದರೂ ಎದ್ದು ನಿಲ್ಲಬೇಡ. ನಿನ್ನೆ ನಮ್ಮ ದೋಣಿಯನ್ನು ಆಳ ಸಮುದ್ರಕ್ಕೆ ಒಯ್ದು ಬಂದೆ. ಮೂವತ್ತು ಕಿಲೋಮೀಟರು. ಜೊತೆಗೆ ಅತ್ತಿಗೆಯೂ ಇದ್ದರು.

"ಅದು ದಡದ ದೋಣಿ ಕಣೇ, ಆಳಕ್ಕಲ್ಲ. ಮಾರಿಬಿಡು" ಎಂದು ಆಸ್ಪತ್ರೆಯ ಮಂಚದಿಂದ ನೀನು ಹೇಳಿದಾಗ ತಲೆಯಾಡಿಸಿದ್ದೆ. ಸೊಂಟ ಮುರಿದುಕೊಂಡು ಮಲಗಿದವನ ಜೊತೆ ಯಾರು ವಾದಕ್ಕಿಳಿಯುತ್ತಾರೆ? ಆದರೆ ಅಣ್ಣ, ನೀನು ಬಿದ್ದ ದಿನದ ತಪ್ಪು ದೋಣಿಯದಲ್ಲ. ಗಾಳಿಯ ಮುನ್ಸೂಚನೆ ಕೇಳದೆ, ಮನೆಯಲ್ಲೂ ಹೇಳದೆ ನೀನು ಹೊರಟೆ. ದೊಡ್ಡ ಅಲೆಗೆ ದೋಣಿಯ ಪಕ್ಕ ಒಡ್ಡಿ, ವೇಗ ಇಳಿಸದೆ ಓಡಿಸಿದೆ. ಇದನ್ನು ಇಷ್ಟು ದಿನ ನುಂಗಿಕೊಂಡಿದ್ದೆ. ಬರೆದ ಮೇಲೆ ಎದೆ ಹಗುರಾಯಿತು.

ಕೊಳ್ಳುವವನು ಸೋಮವಾರ ಬರುವವನಿದ್ದ. ಅದಕ್ಕೆ ಮೊದಲು ನಮ್ಮ ದೋಣಿಯ ಮರ್ಯಾದೆ ಉಳಿಸಬೇಕೆಂದು ಎರಡು ತಿಂಗಳಿಂದ ಗುಟ್ಟಾಗಿ ದುಡಿಯುತ್ತಿದ್ದೆ. ಹಿಂಬದಿಗೆ ಪುಟ್ಟದೊಂದು ಎರಡನೇ ಎಂಜಿನ್, ಒಳಗೆ ಬಂದ ನೀರನ್ನು ಹೊರಹಾಕುವ ಪಂಪು, ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ಟು, ನೆರಳಿಗೆ ಕ್ಯಾನ್ವಾಸ್ ಚಪ್ಪರ, ಕೂರುವ ಹಲಗೆಗೆ ದಪ್ಪನೆಯ ದಿಂಬು. ಮೆಕ್ಯಾನಿಕ್ ನೋಡಿ, ಮದುವೆ ಹೆಣ್ಣಿಗೂ ಇಷ್ಟು ಸಿಂಗಾರ ಮಾಡಲ್ಲ ಎಂದು ನಕ್ಕ. ಡೀಸೆಲ್ಲನ್ನು ಮೂರು ಪಾಲು ಮಾಡಿದ್ದೆ: ಹೋಗಲಿಕ್ಕೊಂದು, ಬರಲಿಕ್ಕೊಂದು, ಮುಟ್ಟದೆ ಇಡಲಿಕ್ಕೊಂದು. ಬಂದರಿನ ಗುಮಾಸ್ತರ ಬಳಿ ಗಾಳಿಯ ಮುನ್ಸೂಚನೆ ಕೇಳಿ, ಹೋಗುವ ದಿಕ್ಕನ್ನು ಬರೆಸಿ, ಮಧ್ಯಾಹ್ನ ಎರಡು ಗಂಟೆಗೆ ಬರದಿದ್ದರೆ ಹುಡುಕಿಸಿ ಎಂದು ಹೇಳಿ, ಬೆಳಕು ಹರಿದ ಮೇಲೆ ಹೊರಟೆವು.

ಬಸ್ಸು ಹತ್ತಿದರೂ ವಾಂತಿ ಮಾಡುವ ಅತ್ತಿಗೆ ಶುಂಠಿ ಜಗಿಯುತ್ತಾ, ಕಣ್ಣನ್ನು ದೂರದ ದಿಗಂತದಲ್ಲಿಟ್ಟು ನೆಟ್ಟಗೆ ಕೂತರು. ಎಂಟು ಗಂಟೆಗೆ ಹಸಿವು ಎಂದರು ನೋಡು, ನನ್ನ ಅರ್ಧ ಭಯ ಅಲ್ಲೇ ಕರಗಿತು. ಸ್ವಲ್ಪ ಹೊತ್ತಿಗೆ ದಡ ಮುಳುಗಿತು. ಸುತ್ತಲೂ ಬರೀ ನೀರು. ಆದರೂ ನಾನೆಲ್ಲಿದ್ದೇನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬದುಕಿನಲ್ಲಿ ಹಾಗನ್ನಿಸಿದ್ದು ಅದೇ ಮೊದಲು.

ಗಾಳದ ದಾರ ಇಳಿಬಿಟ್ಟು ಕೂತೆವು. ಹತ್ತೂವರೆಯ ಹೊತ್ತಿಗೆ ಮೀನು ಕಚ್ಚತೊಡಗಿದವು. ಒಂದೊಂದೂ ಮೊಳದುದ್ದ. ಅದೇ ಗಳಿಗೆಯಲ್ಲಿ ಗಾಳಿ ತಿರುಗಿ ದಡದ ಕಡೆಯಿಂದ ಬೀಸಿತು. ಇನ್ನೊಂದೇ ಒಂದು ಎಂದು ಅತ್ತಿಗೆ ಮಗುವಿನಂತೆ ಕೇಳಿದರು. ನನ್ನ ಕೈಯೂ ತುರಿಸುತ್ತಿತ್ತು.

"ಬೇಡ ಅತ್ತಿಗೆ. ದಾರ ಸುತ್ತಿ, ಹೋಗೋಣ," ಎಂದೆ.

ಅವರು ನನ್ನ ಮುಖ ನೋಡಿದರು. "ಇಲ್ಲಿ ಯಜಮಾನಿ ನೀನು," ಎಂದು ಸುತ್ತಿದರು.

ವಾಪಸು ದಾರಿಯಲ್ಲಿ ಅಲೆಗಳು ಎದುರಾದವು. ವೇಗ ಇಳಿಸಿ, ಒಂದೊಂದಕ್ಕೂ ದೋಣಿಯ ಮೂತಿಯನ್ನು ಓರೆಯಾಗಿ ಕೊಡುತ್ತಾ ಬಂದೆ. ದೋಣಿ ಏರಿತು, ಇಳಿಯಿತು, ಒಮ್ಮೆಯೂ ಬಡಿಯಲಿಲ್ಲ. ಆಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕುಲುಕಾಟಕ್ಕೆ ಟ್ಯಾಂಕಿನ ತಳದ ಕಸವೆಲ್ಲ ಎದ್ದು ಫಿಲ್ಟರಿಗೆ ಕಟ್ಟಿಕೊಂಡಿತ್ತು. ದೋಣಿಯಲ್ಲಿ ನೀನು ಬಿದ್ದ ಜಾಗ ಕಣ್ಣೆದುರಿಗೇ ಇತ್ತು.

ಚಿಕ್ಕ ಎಂಜಿನ್ ಹಚ್ಚಿ ಅದರ ಹಿಡಿಯನ್ನು ಅತ್ತಿಗೆಯ ಕೈಗಿತ್ತೆ. ಮೂತಿ ಅಲೆಯ ಕಡೆಗೇ ಇರಲಿ, ಅಷ್ಟು ಸಾಕು ಎಂದೆ. ಹನ್ನೊಂದು ನಿಮಿಷ ಅವರು ಅದನ್ನು ಅಲ್ಲಾಡಲು ಬಿಡಲಿಲ್ಲ. ನಾನು ಜೊತೆಗೆ ಒಯ್ದಿದ್ದ ಹೊಸ ಫಿಲ್ಟರ್ ಹಾಕಿ, ಡೀಸೆಲ್ ಕೊಳವೆಗೆ ಸೇರಿದ್ದ ಗಾಳಿ ತೆಗೆದು ಕೀಲಿ ತಿರುಗಿಸಿದೆ. ಎಂಜಿನ್ ಗುಡುಗಿತು. ನಾವಿಬ್ಬರೂ ನಕ್ಕಿದ್ದು ನಿನ್ನ ಆಸ್ಪತ್ರೆಗೂ ಕೇಳಿಸಿರಬೇಕು!

ಬಂದರು ಮುಟ್ಟಿದಾಗ ಒಂದೂ ಮುಕ್ಕಾಲು. ಬಟ್ಟೆಯೂ ಅಷ್ಟಾಗಿ ನೆನೆದಿರಲಿಲ್ಲ. ಇನ್ನೂ ಹದಿನೈದು ನಿಮಿಷ ಇತ್ತಲ್ಲಮ್ಮ ಎಂದು ಗುಮಾಸ್ತರು ನಾವು ಬರೆಸಿದ್ದರ ಮೇಲೆ ಗೆರೆ ಎಳೆದರು. ಇವತ್ತು ಬೆಳಗ್ಗೆ ಕೊಳ್ಳುವವನಿಗೆ ಫೋನು ಮಾಡಿದ್ದು ನಾನಲ್ಲ, ಅತ್ತಿಗೆ. "ದೋಣಿ ಮಾರೋದಿಲ್ಲಪ್ಪ, ನಮಗೇ ಬೇಕು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಬೇಗ ಗುಣವಾಗಿ ಬಾ ಅಣ್ಣ. ನಿನ್ನ ಕಾಲಿಗೆ ಹೊಸ ಬಲ ಬರಲಿ, ನೂರು ವರ್ಷ ಬಾಳು. ನೆರಳಿರುವ ಜಾಗ ನಿನಗೆ, ದಾರ ಅತ್ತಿಗೆಗೆ. ಚುಕ್ಕಾಣಿ ಮಾತ್ರ ನನ್ನ ಕೈಯಲ್ಲೇ.

ಮಾತು ಮೀರಿಯೂ ನಿನ್ನವಳೇ ಆದ,
ತಂಗಿ