ಇಪ್ಪತ್ತು ಕಿಲೋ ಸಾಸೇಜಿಗೆ ಹತ್ತು ಕಿಲೋಗಾಗುವಷ್ಟೇ ಉಪ್ಪು

ಸವೇರಿಯೊ,

ಒಣಗಲೆಂದು ತೊಲೆಗೆ ಕಟ್ಟಿರುವ ಸಾಸೇಜನ್ನು ಮುಟ್ಟಬೇಡ. ನಿನ್ನೆ ಒಂದನ್ನು ಬೇಯಿಸದೆ ಕೊಯ್ದು ತಿಂದ ಕೋಸಿಮೊ ಚಿಕ್ಕಪ್ಪನಿಗೆ ಬೆಳಿಗ್ಗೆಯಿಂದ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ, ಮಾತು ತೊದಲುತ್ತಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಸಾಸೇಜು ಮಾಡಿದ ದಿನ ಚಿಕ್ಕಪ್ಪ ತಮ್ಮ ಹಂದಿಯ ಪಾಲನ್ನೂ ತಂದು ಸುರಿದಾಗ ಮಾಂಸ ಹತ್ತು ಕಿಲೋದಿಂದ ಇಪ್ಪತ್ತಾಯಿತು. ನೀನು ಮೆಣಸಿನಪುಡಿ, ಸೋಂಪು ಎರಡರಷ್ಟು ಮಾಡಿದೆ. ಉಪ್ಪನ್ನು ಮಾತ್ರ ಹತ್ತು ಕಿಲೋಗೆ ಅಳೆದಷ್ಟೇ ಬಿಟ್ಟೆ. ಉಪ್ಪು ಸಾಲದಿದ್ದರೆ ಒಣಗಲು ಕಟ್ಟಿದ ಮಾಂಸ ಒಳಗೇ ವಿಷವಾಗುತ್ತದೆ. ಕರುಳಿಗೆ ತುಂಬುವ ಮೊದಲು ನಾನು ಒಂದು ಚೂರು ಹುರಿದು ತಿಂದು "ಸಪ್ಪೆ ಕಣೋ" ಅಂದೆ. "ಕಣ್ಣಲ್ಲಿ ನೀರು ಸುರೀತಿದೆ, ಇನ್ನೂ ಸಪ್ಪೆ ಅಂತೀಯಲ್ಲಕ್ಕಾ!" ಎಂದು ನೀನು ನಕ್ಕೆ. ಖಾರಕ್ಕೆ ನಾಲಿಗೆ ಸತ್ತಿತ್ತು, ನಾನೂ ನಿನ್ನ ಮಾತು ನಂಬಿ ತುಂಬಲು ಕೂತೆ.

ಎಲ್ಲವನ್ನೂ ಇಳಿಸಿ ಚೀಲದಲ್ಲಿ ಕಟ್ಟಿಡು, ವೈದ್ಯರು ಕೇಳಬಹುದು. ನಾಯಿಗೂ ಹಾಕಬೇಡ.

ತೊಲೆಯಲ್ಲಿ ಎರಡು ಕಡಿಮೆ ಇವೆ. ಚಿಕ್ಕಪ್ಪ ತಿಂದದ್ದು ಒಂದೇ. ಈ ಅಕ್ಷರಗಳು ನಿನಗೂ ಎರಡೆರಡಾಗಿ ಕಾಣುತ್ತಿದ್ದರೆ ಕಾರು ಓಡಿಸಬೇಡ, ಪಕ್ಕದ ಮನೆಯವರನ್ನು ಕೂಗು.

ಅಕ್ಕ ಮಿಮ್ಮಾ