ತಾವು ಮಾನ್ಯತೆ ಕೊಟ್ಟದ್ದು ನಮ್ಮ ಶಾಮಿಯಾನ ಅಂಗಡಿಗೆ

ದೇಶದ ನರ್ಸಿಂಗ್ ಕಾಲೇಜುಗಳ ಮೇಲೆಲ್ಲ ದೆಹಲಿಯಿಂದಲೇ ಕಣ್ಣಿಟ್ಟಿರುವ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಬರುವ ಸೋಮವಾರ ನನ್ನ ತಂಗಿ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಕೆಲಸಕ್ಕೆ ಸೇರುತ್ತಾಳೆ. ತಮ್ಮ ಮಂಡಳಿ ಮಾನ್ಯತೆ ಕೊಟ್ಟ ಕಾಲೇಜಿನಲ್ಲೇ ಓದಿ ಪಾಸಾಗಿದ್ದಾಳೆ. ಇದುವರೆಗೆ ಅವಳು ಒಂದು ಜೀವಕ್ಕೂ ಸೂಜಿ ಚುಚ್ಚಿಲ್ಲ. ಸೂಜಿ ಚುಚ್ಚಿ ಕಲಿಯಲೆಂದೇ ಇರುವ ರಬ್ಬರ್ ಬೊಂಬೆಗೂ ಚುಚ್ಚಿಲ್ಲ. ಯಾಕೆ ಚುಚ್ಚಿಲ್ಲ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಆ ಬೊಂಬೆಯನ್ನು ಕಾಲೇಜಿಗೆ ಇಳಿಸಿ, ಸಂಜೆ ವಾಪಸು ಹೇರಿಕೊಂಡು ಬಂದವನು ನಾನೇ.

ನಾನು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಆಸುಪಾಸಿನ ಒಂದು ಶಾಮಿಯಾನ ಅಂಗಡಿಯ ಟೆಂಪೊ ಓಡಿಸುತ್ತೇನೆ. ಮದುವೆಗೆ ಚಪ್ಪರ, ತಿಥಿಗೆ ಪಾತ್ರೆ, ಎರಡಕ್ಕೂ ಕುರ್ಚಿ. ಈಚೆಗೆ ತಮ್ಮ ದಯೆಯಿಂದ ಮೂರನೆಯ ಸೀಸನ್ನೊಂದು ಶುರುವಾಗಿದೆ: ತಪಾಸಣೆ. ತಮ್ಮ ತಂಡ ಬರುವ ದಿನ ಮುಹೂರ್ತದಂತೆ ಮುಂಚೆಯೇ ಗೊತ್ತಾಗುವುದರಿಂದ ಮಂಚ, ಹಾಸಿಗೆ, ಗ್ಲೂಕೋಸ್ ಸ್ಟ್ಯಾಂಡಿಗೆ ಕಾಲೇಜಿನವರು ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಬೇಡಿಕೆ ನೋಡಿ ನಮ್ಮ ಮಾಲೀಕರು ರಬ್ಬರ್ ಮೈಯ ರೋಗಿಯೊಬ್ಬರನ್ನೂ ಖರೀದಿಸಿದರು.

ಈ ಮಹನೀಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಶಾಲು ಹೊದಿಸಿ ಕರೆದೊಯ್ಯುವುದು ನನ್ನ ಪದ್ಧತಿ. ರಾವಂದೂರಿನಲ್ಲಿ ಟೀ ಅಂಗಡಿಯ ರಾಚಮ್ಮ ಬಗ್ಗಿ ನೋಡಿದರು.

"ಯಾರ್ಲಾ ಅದು, ಉಸಾರಿಲ್ವಾ?"

"ಪೇಸೆಂಟು ಕಣಮ್ಮೋ. ಬೆಳಿಗ್ಗೆ ಪಿರಿಯಾಪಟ್ಣದ ಕಾಲೇಜು, ಮದ್ಯಾನಕ್ಕೆ ಉಣ್ಸೂರು."

"ಅಯ್ಯೋ, ಎಲ್ಲೂ ವಾಸಿ ಆಗ್ನಿಲ್ವಾ?"

"ಇವ್ರು ವಾಸಿ ಆಗ್ಬುಟ್ರೆ ಕಾಲೇಜೇ ಮುಚ್ಚೋಯ್ತದೆ!"

ಆ ದಿನ ನನಗಿನ್ನೂ ನಗು ಬರುತ್ತಿತ್ತು.

ಶಾಮಿಯಾನದವರ ಕಟ್ಟುಪಾಡೊಂದು ದೆಹಲಿಗೆ ತಿಳಿದಿರಲಾರದು. ಬಾಡಿಗೆಗೆ ಹೋಗುವ ಪ್ರತಿಯೊಂದರ ಮೇಲೂ, ಸೌಟನ್ನೂ ಬಿಡದೆ, ಕೆಂಪು ಬಣ್ಣದಲ್ಲಿ ಅಂಗಡಿಯ ಹೆಸರು, ಫೋನ್ ನಂಬರು ಬರೆಯುತ್ತೇವೆ. ಬೊಂಬೆಯ ಬೆನ್ನಿಗೂ ಬರೆದಿದ್ದೇವೆ. ಅಂದು ಮಧ್ಯಾಹ್ನ ಹೋದ ಹುಣಸೂರು ಕಡೆಯ ಕಾಲೇಜಿನಲ್ಲೇ ನನ್ನ ತಂಗಿ ಓದುತ್ತಿದ್ದಳು. ಅಲ್ಲಿ ತಮ್ಮ ತಂಡದ ಹಿರಿಯರೊಬ್ಬರು ಬೊಂಬೆಯನ್ನು ಮಗ್ಗುಲಾಗಿಸಿ, ಇದೇನು ಬರಹ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಾಂಶುಪಾಲರು ತಡವರಿಸಲಿಲ್ಲ: "ದಾನಿಗಳ ಹೆಸರು ಸಾರ್." ಹಿರಿಯರು ಮಂಚ ನೋಡಿದರು, ದಾನಿಗಳು. ಕುರ್ಚಿ ನೋಡಿದರು, ಅದೇ ದಾನಿಗಳು. ತಲೆದೂಗಿ ಬರೆದುಕೊಂಡರು. ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡಿದವನು ನಾನು. ಬೆಳಿಗ್ಗೆ ಪಿರಿಯಾಪಟ್ಟಣದಲ್ಲೂ ಇದೇ ಕೆಂಪಕ್ಷರ ಕಂಡಿದ್ದ ಅವರಿಗೆ ಏನೂ ಅನ್ನಿಸಲಿಲ್ಲವೇ? ಕನ್ನಡ ಬಾರದಿರಬಹುದು, ಫೋನ್ ನಂಬರಿನ ಅಂಕಿಗಳೂ ಬಾರವೇ? ಯಾವ ದಾನಿ ತನ್ನ ದಾನದ ಮೇಲೆ ಫೋನ್ ನಂಬರು ಬರೆಸುತ್ತಾನೆ, ಮಾನ್ಯರೇ?

ಹುಡುಗಿಯರು ಬಿಳಿ ಸಮವಸ್ತ್ರದಲ್ಲಿ ಬೊಂಬೆಯ ಸುತ್ತ ನಿಂತಿದ್ದರು. ಚುಚ್ಚುವಂತಿಲ್ಲ. ತೂತು ಬಿದ್ದರೆ ಡ್ಯಾಮೇಜು ಕಟ್ಟಿಕೊಡಬೇಕೆಂಬುದು ನಮ್ಮ ಮಾಲೀಕರ ಷರತ್ತು. ತಟ್ಟೆ ಬಗ್ಗಿದರೂ ಅದೇ ಷರತ್ತು. ಆಸ್ಪತ್ರೆಯಲ್ಲಿ ತರಬೇತಿಯಾಗಿದೆ ಎಂದು ಕಾಲೇಜಿನವರು ಬರೆದುಕೊಟ್ಟಿದ್ದಾರೆ. ತಂಗಿ ಹೋಗಿದ್ದು ನಿಜ, ಕಾರಿಡಾರಿನಲ್ಲಿ ನಿಂತು ಬಂದಿದ್ದೂ ನಿಜ. ನಿಯಂತ್ರಣವೆಂದರೆ ಮಂಚ ಎಣಿಸುವುದೇ? ಹಾಗಿದ್ದರೆ ಆ ಕೆಲಸವನ್ನು ನಾನು ಟೆಂಪೊಗೆ ಹೇರುವಾಗಲೇ ಮಾಡಿ ಮುಗಿಸಿರುತ್ತೇನೆ.

ಮೊನ್ನೆ ತಂಗಿ ಸಿರಿಂಜು ಹಿಡಿದು ನನ್ನೆದುರು ಕುಳಿತಳು. "ಅಣ್ಣ, ಕೈ ಕೊಡು."

"ಡ್ಯಾಮೇಜು ಕಟ್ಕೊಡ್ತೀಯಾ?" ಎಂದೆ.

ನಗಲಿಲ್ಲ. ತೋಳಿಗೆ ಪಟ್ಟಿ ಕಟ್ಟಿದಳು, ನರ ತಡಕಿದಳು, ಸೂಜಿ ಹತ್ತಿರ ತಂದಳು. ಕೈ ಗಡಗಡ ನಡುಗಿತು.

"ಆಗಾಕಿಲ್ಲ ಕಣಣ್ಣ. ಇಷ್ಟು ಗಟ್ಟಿಮುಟ್ಟಾಗಿರೋ ನಿಂಗೇ ಆಗ್ತಿಲ್ಲ. ಅಲ್ಲಿ ಹಸುಗೂಸು ತತ್ತಾರೆ. ನನ್ ಕೈಲಿ ಏನಾರ ಆಗೋದ್ರೆ?"

"ಓಗ್ಬೇಡ ಬುಡು."

"ಓಗ್ದೆ? ಅವ್ವ ಬೀದಿಗೆಲ್ಲಾ ನರ್ಸಮ್ಮ ಅಂತ ಏಳ್ಕಂಡ್ ಬಂದವ್ಳೆ."

ಊರನ್ನೆಲ್ಲ ರೇಗಿಸಿಕೊಂಡು ಓಡಾಡುವ ನಾನು ಅವಳ ಕೈಯಿಂದ ಸಿರಿಂಜು ತೆಗೆದಿಟ್ಟು, ತೋಳಿನ ಪಟ್ಟಿ ಬಿಚ್ಚಿದೆ. ಆಮೇಲೆಯೇ ಈ ಪತ್ರ ಬರೆಯಲು ಕೂತದ್ದು.

ತಾವು ಈ ಪತ್ರ ಓದದಿದ್ದರೆ ಎಂಬ ಹೆದರಿಕೆ ಒಂದು. ಓದಿಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡದು. ಸಿಟ್ಟು ಬಂದರೆ ತಾವು ಮಾನ್ಯತೆ ರದ್ದು ಮಾಡುತ್ತೀರಿ. ಕಾಲೇಜಿನವರು ಮುಂದಿನ ವರ್ಷ ಬೇರೆ ಹೆಸರಿನ ಬೋರ್ಡು ತಗುಲಿಸುತ್ತಾರೆ, ನಾವು ಅಲ್ಲಿಗೂ ಮಂಚ ಒಯ್ಯುತ್ತೇವೆ. ಹುಡುಗಿಯರ ಓದು ಮಾತ್ರ ಕಸಕ್ಕೆ ಹೋಗುತ್ತದೆ. ಕಾಲೇಜಿನ ಹೆಸರು ಬರೆಯಲು ನನ್ನ ಕೈ ಬಾರದಿರುವುದು ಅದಕ್ಕೇ.

ಆದ್ದರಿಂದ ಮುಚ್ಚಬೇಡಿ, ಕಲಿಸಿ. ಪಾಸಾದ ಪ್ರತಿ ಹುಡುಗಿಯನ್ನೂ ದೊಡ್ಡಾಸ್ಪತ್ರೆಯಲ್ಲಿ ಅನುಭವಸ್ಥ ನರ್ಸಮ್ಮನ ಪಕ್ಕ ನಿಲ್ಲಿಸಿ. ಕೈ ನಡುಗುವುದು ನಿಂತ ಮೇಲೆ ಕೆಲಸಕ್ಕೆ ಬಿಡಿ. ಖರ್ಚು ಕಾಲೇಜಿನವರೇ ಭರಿಸಲಿ. ತಪಾಸಣೆಗೆ ಹೇಳದೆ ಬನ್ನಿ. ಬಂದಾಗ ಅಂಗಿಯ ತೋಳು ಮಡಚಿ ಒಬ್ಬ ವಿದ್ಯಾರ್ಥಿನಿಯ ಮುಂದೆ ಕುಳಿತು, "ರಕ್ತ ತೆಗಿಯಮ್ಮ" ಎನ್ನಿ. ವರದಿಯನ್ನು ಆಮೇಲೆ ಬರೆಯಿರಿ.

ಸೋಮವಾರ ಅವಳ ಮುಂದೆ ಮೊದಲು ತೋಳು ಚಾಚುವವರು ಯಾರೋ ನನಗೆ ಗೊತ್ತಿಲ್ಲ. ಅವರು ಅವಳ ಬಿಳಿ ಬಟ್ಟೆ ನೋಡುತ್ತಾರೆ. ಇವಳನ್ನು ಯಾರೋ ದೊಡ್ಡವರು ಪರೀಕ್ಷಿಸಿಯೇ ಕಳಿಸಿದ್ದಾರೆ ಎಂದು ನಂಬಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇಂತಿ,
ಈ ಸಲ ತಮಾಷೆ ಮಾಡಲಾಗದ, ಹೆಸರು ಹಾಕಲೂ ಧೈರ್ಯವಿಲ್ಲದ,
ನರ್ಸಮ್ಮನೊಬ್ಬಳ ಅಣ್ಣ