ರಾಕ್ಷಸನ ಮಾತು ಮುಗಿಯುವವರೆಗೆ

ಭೀಮರಾಯನಗುಡಿ ಕ್ಯಾಂಪ್
೧೨-೫-೧೯೯೬

ತಮ್ಮಾ ಅಂಬ್ರಪ್ಪ,

ಕೇಳು ವೀರಾಧಿವೀರ! ಯಾದಗಿರಿಯ ಅಂಗಡಿಯಲ್ಲಿ ನಾವಿಬ್ಬರೂ ಆಡುತ್ತಿದ್ದ ಆ ಕೊಡಲಿ ಕಾಳಗದ ವಿಡಿಯೋ ಗೇಮು ಈಗ ಕ್ಯಾಸೆಟ್ಟಾಗಿ ನಮ್ಮ ಮನೆಯ ಟಿವಿಗೇ ಬಂದಿದೆ. ಬಣ್ಣ ತುಸು ಮಂಕು, ಕೊಡಲಿ ಅದೇ. ಸೈನ್ಯವನ್ನೆಲ್ಲ ತರಿದು ಹಾಕಿದ್ದೇನೆ! ಕಡೆಯ ರಾಕ್ಷಸ ಎದುರಾದಾಗ ಮಾತ್ರ, ನಮ್ಮ ಬಯಲಾಟದ ರೂಢಿಯಂತೆ, ಅವನ ಮಾತು ಮುಗಿಯಲೆಂದು ಕಾಯುತ್ತೇನೆ, ಅಷ್ಟರಲ್ಲಿ ಸಾಯುತ್ತೇನೆ. "ಅಂವ ಮಾತಾಡಂಗಿಲ್ರೀ, ಹೊಡೀರಿ!" ಎಂದು ನಿನ್ನ ಅತ್ತಿಗೆ ಕೂಗುತ್ತಾಳೆ.

ಮೂರು ವರ್ಷದ ಹಿಂದೆ ಬಳಿಚಕ್ರದ ಬಯಲಾಟದಲ್ಲಿ ನಾನು ರಾಕ್ಷಸನಾಗಿದ್ದಾಗ, ನನ್ನ ಮಾತು ಮುಗಿಯುವ ಮೊದಲೇ ನೀನು ಗದೆ ಬೀಸಿದೆ. ನಾನು ನಿನ್ನನ್ನು ಊರೆದುರೇ ಬೈದೆ. ಅಂದಿನಿಂದ ನೀನು ನಮ್ಮ ಹೊಸ್ತಿಲು ತುಳಿದಿಲ್ಲ.

ಈ ರಾಕ್ಷಸನಿಗೆ ನಿನ್ನಂಥವನೇ ಬೇಕು. ಭಾನುವಾರ ಬಾ. ಆಟ ಆಡುವ ಎರಡನೆಯ ರಿಮೋಟಿನ ವೈರು ಗಿಡ್ಡ. ನನ್ನ ಮಗ್ಗುಲಲ್ಲೇ ಕೂರಬೇಕಾಗುತ್ತದೆ.

ನಿನ್ನ ಅಣ್ಣ,
ಮರಿಲಿಂಗಪ್ಪ